ಕಾಫಿ ಮೂಟೆಯ ಮೇಲಿನ ಸಂಖ್ಯೆ

ಬೆಳೆಗಾರ: ಒಂದು ಲೆಕ್ಕ ನನಗೆ ಹತ್ತುತ್ತಲೇ ಇಲ್ಲ. 2025ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಬ್ರೆಜಿಲ್ ಅಧ್ಯಕ್ಷ ಲೂಲಾ ಅವರಿಗೆ ಪತ್ರ ಬರೆದು, ನಿಮ್ಮ ಸರಕಿಗೆ ಶೇ. 50 ಸುಂಕ ಹಾಕುತ್ತೇನೆ ಎಂದರು. ಪತ್ರದ ಆರಂಭದಲ್ಲೇ ಬರುವುದು ಮಾಜಿ ಅಧ್ಯಕ್ಷ ಬೋಲ್ಸೊನಾರೊ ಮೇಲೆ ಅಲ್ಲಿನ ಕೋರ್ಟಿನಲ್ಲಿ ನಡೆಯುತ್ತಿದ್ದ ಮೊಕದ್ದಮೆಯ ಮಾತು. ಆಗಸ್ಟಿನಲ್ಲಿ ಸುಂಕ ಜಾರಿಗೆ ಬಂತು. ವಿಮಾನಕ್ಕೆ ವಿನಾಯಿತಿ, ಕಿತ್ತಳೆ ರಸಕ್ಕೆ ವಿನಾಯಿತಿ, ಕಾಫಿಗೆ ಇಲ್ಲ. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅಮೆರಿಕದಲ್ಲಿ ಹೇಳಿಕೊಳ್ಳುವಷ್ಟು ಕಾಫಿ ತೋಟವೇ ಇಲ್ಲವಲ್ಲ. ಯಾರನ್ನು ಕಾಪಾಡಲು ಈ ಸುಂಕ?

ಅಧ್ಯಾಪಕಿ: ಕಾಪಾಡಲು ಬೆಳೆಗಾರರೇ ಇಲ್ಲದ ದೇಶ ಕಾಫಿಗೆ ಸುಂಕ ಹಾಕಿತೆಂದರೆ ಅದನ್ನು ವಿದೇಶಾಂಗ ನೀತಿ ಎಂದೇ ಓದಬೇಕು. ಆಗ ಲೆಕ್ಕ ಹತ್ತುತ್ತದೆ. ಬ್ರೆಜಿಲ್ ಜೊತೆಗಿನ ವ್ಯಾಪಾರದಲ್ಲಿ ಅಮೆರಿಕಕ್ಕೆ ಕೊರತೆ ಇರಲಿಲ್ಲ, ಮಿಗತೆ ಇತ್ತು. ಬೇಕಾಗಿದ್ದದ್ದು ಬ್ರಸೀಲಿಯಾದ ನ್ಯಾಯಾಲಯ ಮಣಿಯುವುದು. ಅದು ಮಣಿಯಲಿಲ್ಲ, ಸೆಪ್ಟೆಂಬರ್‌ನಲ್ಲಿ ಬೋಲ್ಸೊನಾರೊಗೆ 27 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಿತು. ಇತ್ತ ಅಮೆರಿಕದ ಅಂಗಡಿಗಳಲ್ಲಿ ಕಾಫಿಪುಡಿಯ ಬೆಲೆ ಒಂದೇ ವರ್ಷದಲ್ಲಿ ಸುಮಾರು ಐದನೇ ಒಂದು ಪಾಲು ಏರಿತ್ತು. ಬ್ರೆಜಿಲ್ಲಿನ ಬರಗಾಲದ ಪಾಲೂ ಅದರಲ್ಲಿದೆ, ಸುಂಕದ ಪಾಲೂ ಇದೆ. ನವೆಂಬರ್‌ನಲ್ಲಿ ಟ್ರಂಪ್ ಕಾಫಿಯ ಮೇಲಿನ ಸುಂಕವನ್ನು ತಾವೇ ತೆಗೆದರು.

ಬೆಳೆಗಾರ: ನಾಲ್ಕು ತಿಂಗಳು. ಅಷ್ಟರೊಳಗೆ ನ್ಯೂಯಾರ್ಕಿನ ವಾಯಿದೆ ಬೆಲೆ ಏರಿ ಇಳಿದು, ಮೂಟೆ ಮಾರುವುದೋ ಕಾಯುವುದೋ ಎಂದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಹೋಯಿತು. ಯಾರದೋ ದೇಶದ ಮೊಕದ್ದಮೆ, ಸೋಮವಾರಪೇಟೆಯ ಕಣದಲ್ಲಿ ಚರ್ಚೆ.

ಅಧ್ಯಾಪಕಿ: ನಿಮ್ಮ ರಫ್ತಿನ ಮೂಟೆಯ ಮೇಲೆ ಬರೆಯುವ ಸಂಖ್ಯೆ ಯಾವುದರಿಂದ ಶುರುವಾಗುತ್ತದೆ?

ಬೆಳೆಗಾರ: 14. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಇಂಡಿಯಾದ ನಂಬರು ಅಂತ ಗೊತ್ತು.

ಅಧ್ಯಾಪಕಿ: ಬ್ರೆಜಿಲ್‌ನದು 2, ಕೊಲಂಬಿಯಾದ್ದು 3. ಕೊಟ್ಟದ್ದು ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ. ಒಂದು ಕಾಲದಲ್ಲಿ ಆ ಸಂಸ್ಥೆಯ ಪ್ರಮಾಣಪತ್ರ, ಅದರ ಮೇಲಿನ ಮುದ್ರೆ ಇಲ್ಲದೆ ಸದಸ್ಯ ದೇಶದ ಕಾಫಿ ನ್ಯೂಯಾರ್ಕಿನ ಬಂದರಿನಲ್ಲಿ ಇಳಿಯುವಂತಿರಲಿಲ್ಲ. ಯಾವ ದೇಶ ಎಷ್ಟು ಕಾಫಿ ಕಳಿಸಬಹುದು ಎಂಬ ಆ ಕಾಲದ ಕೋಟಾ ಇವತ್ತು ಇಲ್ಲ, ಸಂಖ್ಯೆ ಉಳಿದಿದೆ. ಆ ಮುದ್ರೆಯ ಕಥೆ ಗೊತ್ತಿಲ್ಲದೆ 2025ರ ಪತ್ರ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಬೆಳೆಗಾರ: ಹೇಳಿ.

ಅಧ್ಯಾಪಕಿ: 1940ರಿಂದ ಹಿಡಿಯೋಣ. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಬಂದರುಗಳು ಮುಚ್ಚಿದವು. ಲ್ಯಾಟಿನ್ ಅಮೆರಿಕದ ಕಾಫಿಗೆ ದೊಡ್ಡದೊಂದು ಮಾರುಕಟ್ಟೆಯೇ ಹೋಯಿತು. ಬ್ರೆಜಿಲ್ ಆಗಲೇ 1931ರಿಂದ ಕಾಫಿಯನ್ನು ಸುಡುತ್ತಿತ್ತು. 1944ರ ಹೊತ್ತಿಗೆ ಸುಮಾರು 7.8 ಕೋಟಿ ಚೀಲ ನಾಶಮಾಡಿತು. ಹಸಿದ ನೆರೆಹೊರೆ ಜರ್ಮನಿಯ ಕಡೆ ವಾಲಬಾರದು ಎಂಬ ಆತಂಕ ವಾಷಿಂಗ್ಟನ್‌ಗೆ. 1940ರ ನವೆಂಬರ್‌ನಲ್ಲಿ ಅದು 14 ಬೆಳೆಗಾರ ದೇಶಗಳ ಜೊತೆ ಕೂತು, ಯಾರಿಂದ ಎಷ್ಟು ಕಾಫಿ ಕೊಳ್ಳುತ್ತೇನೆ ಎಂದು ಕೋಟಾ ಗೊತ್ತುಮಾಡಿತು. ಅದೇ 1940ರಲ್ಲಿ, ಅದೇ ಯುರೋಪು ಮುಚ್ಚಿದ ಕಾರಣಕ್ಕೆ, ಇಲ್ಲಿ ಕಾಫಿಗೆ ಸುಗ್ರೀವಾಜ್ಞೆ ಬಂತು.

ಬೆಳೆಗಾರ: ಪೂಲ್! ಅದು 1942ರ ಕಾಯ್ದೆ ಅಲ್ಲವೇ?

ಅಧ್ಯಾಪಕಿ: ಸುಗ್ರೀವಾಜ್ಞೆ 1940ರದು, ಕಾಯ್ದೆ 1942ರದು. ನಿಮ್ಮ ಅಜ್ಜನ ಬೆಳೆ, ಎಲ್ಲರ ಕಾಫಿಯನ್ನೂ ಕೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೆ ಹೋಗಲೇಬೇಕು ಎಂದಾದದ್ದಕ್ಕೂ ಬ್ರೆಜಿಲ್ಲಿನವನ ಕೋಟಾಕ್ಕೂ ಮೂಲ ಒಂದೇ ಯುದ್ಧ.

ಬೆಳೆಗಾರ: ಯುದ್ಧ ಮುಗಿದ ಮೇಲೆ ಅಮೆರಿಕ ಕೈಬಿಡಬಹುದಿತ್ತಲ್ಲ?

ಅಧ್ಯಾಪಕಿ: ಬಿಟ್ಟಿತು ಕೂಡ. 1950ರ ದಶಕದ ಕೊನೆಗೆ ಬೆಲೆ ಕುಸಿಯುತ್ತ ಬಂದಾಗ ಬೆಳೆಗಾರ ದೇಶಗಳು ಮತ್ತೆ ಮತ್ತೆ ಕೇಳಿದವು, ಅದು ಒಪ್ಪಲಿಲ್ಲ. ಒಪ್ಪಿದ್ದು 1959ರಲ್ಲಿ ಹವಾನಾದಲ್ಲಿ ಕಾಸ್ಟ್ರೊ ಅಧಿಕಾರಕ್ಕೆ ಬಂದ ಮೇಲೆ. ಕಾಫಿಯೇ ಜೀವನಾಧಾರವಾದ ನೆಲದಲ್ಲಿ ಮುಂದಿನ ಕ್ಯೂಬಾ ಹುಟ್ಟಬಹುದು ಎಂಬ ಭಯ. ಕೊಲಂಬಿಯಾಕ್ಕೆ ಆಗ ಬರುತ್ತಿದ್ದ ವಿದೇಶಿ ಹಣದಲ್ಲಿ ಹೆಚ್ಚಿನ ಪಾಲು ಕಾಫಿಯದೇ, ಬ್ರೆಜಿಲ್‌ಗೆ ಸರಿಸುಮಾರು ಅರ್ಧ. 1961ರ ಮಾರ್ಚ್‌ನಲ್ಲಿ ಕೆನಡಿ ಲ್ಯಾಟಿನ್ ಅಮೆರಿಕಕ್ಕಾಗಿ ‘ಪ್ರಗತಿಯ ಮೈತ್ರಿ’ ಯೋಜನೆ ಸಾರಿದರು. 1962ರಲ್ಲಿ ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಸಿದ್ಧವಾಯಿತು. ಮರುವರ್ಷ ಲಂಡನ್ನಿನಲ್ಲಿ ಸಂಸ್ಥೆ ಬಾಗಿಲು ತೆರೆಯಿತು. ಭಾರತವೂ ಸೇರಿತು.

ಬೆಳೆಗಾರ: ಮಾರುವವರೆಲ್ಲ ಒಟ್ಟಾಗಿ ಬೆಲೆ ಹಿಡಿದರು, ತೈಲ ದೇಶಗಳ ಹಾಗೆ.

ಅಧ್ಯಾಪಕಿ: ಇಲ್ಲೇ ವ್ಯತ್ಯಾಸ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೈಲದ ಒಕ್ಕೂಟದಲ್ಲಿ ಮಾರುವವರು ಮಾತ್ರ ಇದ್ದಾರೆ. ಕಾಫಿ ಒಪ್ಪಂದದಲ್ಲಿ ಕೊಳ್ಳುವವರೂ ಇದ್ದರು. ಬೆಳೆಯುವ ದೇಶಗಳಿಗೆಲ್ಲ ಸೇರಿ 1,000 ಮತ, ಕೊಳ್ಳುವ ದೇಶಗಳಿಗೆ ಸೇರಿ 1,000 ಮತ. ಒಂದೇ ದೇಶಕ್ಕೆ 400ಕ್ಕಿಂತ ಹೆಚ್ಚು ಇಲ್ಲ. ದೊಡ್ಡ ತೀರ್ಮಾನಕ್ಕೆ ಎರಡೂ ಕಡೆ ಮೂರನೇ ಎರಡರಷ್ಟು ಮತ ಬೀಳಬೇಕು. ಕೋಟಾ ಮೀರಿ ಬಂದ ಚೀಲವನ್ನು ತಡೆಯುವವರು ಯಾರು? ಕೊಳ್ಳುವ ದೇಶದ ಸುಂಕದ ಅಧಿಕಾರಿ. ಮಾರುವವರ ನಡುವೆ ಒಬ್ಬ ಕದ್ದು ಹೆಚ್ಚು ಮಾರಿದರೆ ಒಕ್ಕೂಟ ಒಡೆಯುತ್ತದೆ. ಇಲ್ಲಿ ಕಾವಲಿಗೆ ನಿಂತದ್ದು ಗಿರಾಕಿಯೇ. ತನ್ನ ಜನ ಕಾಫಿಗೆ ಹೆಚ್ಚು ದುಡ್ಡು ಕೊಡಲಿ ಎಂದು ಅಮೆರಿಕ ತಿಳಿದೂ ಒಪ್ಪಿತು, ಆ ದುಡ್ಡನ್ನು ನೆರೆಯ ರಾಜಕೀಯ ಸ್ಥಿರತೆಗೆ ಕೊಟ್ಟ ಬೆಲೆ ಎಂದು ಎಣಿಸಿತು. ಸುಂಕ, ಕೋಟಾ, ಬಂದರು, ಪ್ರಮಾಣಪತ್ರ, ಇವೆಲ್ಲ ರಾಯಭಾರಿಗಳ ಕೆಲಸ ಮಾಡಿದ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಬೆಳೆಗಾರ: ನೀವು ಆ ಕಾಲವನ್ನು ಹೊಗಳುವುದನ್ನು ಕೇಳಿದರೆ ನನಗೆ ಕಷ್ಟವಾಗುತ್ತದೆ. ಲಂಡನ್ನಿನಲ್ಲಿ ಒಳ್ಳೆಯ ಬೆಲೆ ಇದ್ದಿರಬಹುದು. ನಮ್ಮ ತಂದೆಗೆ ಸಿಕ್ಕದ್ದು ಎಷ್ಟು? ಕಾಫಿ ಪೂಲ್‌ಗೆ ಕೊಟ್ಟರೆ ಮೊದಲೊಂದು ಕಂತು, ಉಳಿದದ್ದು ಯಾವಾಗಲೋ. ಹಿಂದಿನ ಬೆಳೆಯ ಕೊನೆಯ ಕಂತು ಬರುವ ಮೊದಲು ಮುಂದಿನ ಬೆಳೆಯ ಗೊಬ್ಬರಕ್ಕೆ ಸಾಲ. ತನ್ನ ತೋಟದ ಮೂಟೆಯನ್ನು ಪರವಾನಗಿ ಇಲ್ಲದೆ ಸಾಗಿಸಿದರೆ ಅಪರಾಧಿ. ಬೆಳೆದವನಿಗೆ ಮಾರುವ ಹಕ್ಕೇ ಇಲ್ಲದ ವ್ಯವಸ್ಥೆ ಅದು.

ಅಧ್ಯಾಪಕಿ: ಆ ಮಾತನ್ನು ನಾನು ತೆಗೆದುಹಾಕುವುದಿಲ್ಲ. ನಮ್ಮಲ್ಲಿ ಮಾತ್ರವಲ್ಲ, ಉಗಾಂಡಾದಲ್ಲಿ, ಐವರಿ ಕೋಸ್ಟ್‌ನಲ್ಲಿ ಸರ್ಕಾರಿ ಮಂಡಳಿಗಳು ರೈತನಿಗೆ ಕಡಿಮೆ ಕೊಟ್ಟು ನಡುವಿನ ಹಣವನ್ನು ತಾವಿಟ್ಟುಕೊಂಡವು. ದೇಶಗಳ ನಡುವಿನ ಒಪ್ಪಂದ ಹಣವನ್ನು ದೇಶದ ಬಾಗಿಲವರೆಗೆ ತರುತ್ತದೆ. ಒಳಗೆ ಯಾರ ಕೈಗೆ ಹೋಗಬೇಕು ಎಂಬುದು ದೇಶದೊಳಗಿನ ಹೋರಾಟ. ಹಾಗೆಯೇ ದೊಡ್ಡವರ ಸ್ನೇಹಕ್ಕೂ ಮಿತಿ ಇತ್ತು. 1960ರ ದಶಕದಲ್ಲಿ ಬ್ರೆಜಿಲ್ ಬರಿಯ ಬೀಜದ ಬದಲು ಇನ್‌ಸ್ಟಂಟ್ ಪುಡಿ ಮಾಡಿ ಕಳಿಸತೊಡಗಿತು. ಅಮೆರಿಕದ ಪುಡಿ ಕಂಪನಿಗಳು ಕೂಗಿದವು. 1968ರಲ್ಲಿ ಒಪ್ಪಂದ ನವೀಕರಿಸುವಾಗ ಅದಕ್ಕೆಂದೇ ಒಂದು ಕಲಮು ಸೇರಿತು, ಬ್ರೆಜಿಲ್ ತನ್ನ ಪುಡಿಗೆ ತಾನೇ ರಫ್ತು ತೆರಿಗೆ ಹಾಕಿಕೊಳ್ಳಬೇಕಾಯಿತು. ಬೀಜ ಬೆಳೆಯುವವನಾಗಿಯೇ ಇರು, ಕಾರ್ಖಾನೆ ನಮ್ಮದು ಎಂಬ ನಿಲುವು ಅದು. ನನಗೆ ಈಗಲೂ ಅದನ್ನು ಓದುವಾಗ ಸಿಟ್ಟು ಬರುತ್ತದೆ.

ಬೆಳೆಗಾರ: ಮತ್ತೆ ಅದು ಕೋಟಾ. ಹಳಬರಿಗೆ ಹಳೆಯ ಪಾಲು, ಹೊಸಬರು ಹೊರಗೆ. ಭಾರತದ ಪಾಲು ಎಷ್ಟಿತ್ತು ಹೇಳಿ! ನಮ್ಮ ಕಾಫಿ ಹೆಚ್ಚಾಗಿ ಹೋಗುತ್ತಿದ್ದದ್ದು ರಷ್ಯಾಕ್ಕೆ, ರೂಪಾಯಿ ಲೆಕ್ಕದಲ್ಲಿ.

ಅಧ್ಯಾಪಕಿ: ಹೌದು, ಸೋವಿಯತ್ ಒಕ್ಕೂಟ ಒಪ್ಪಂದದ ಹೊರಗಿತ್ತು. ಹೊರಗಿನವರಿಗೆ ಮಾರಲು ಕೋಟಾದ ತಡೆ ಇರಲಿಲ್ಲ. ಡಾಲರ್ ಇಲ್ಲದ ಭಾರತ, ಡಾಲರ್ ಕೊಡದ ಮಾಸ್ಕೊ, ಇಬ್ಬರಿಗೂ ರೂಪಾಯಿ ವ್ಯಾಪಾರ ಒಗ್ಗಿತು. ಆದರೆ ಇದೇ ಸಂದು ಕೊನೆಗೆ ಒಪ್ಪಂದವನ್ನು ತಿಂದಿತು. ಹೊರಗಿನ ದೇಶಗಳಿಗೆ ಅಗ್ಗಕ್ಕೆ ಮಾರಿದ ಕಾಫಿ ಸುಳ್ಳು ಕಾಗದದ ಮೇಲೆ ಒಳಗಿನ ಮಾರುಕಟ್ಟೆಗೆ ತಿರುಗಿ ಬರುತ್ತಿತ್ತು. ವ್ಯಾಪಾರಿಗಳು ಅದಕ್ಕೆ ‘ಟೂರಿಸ್ಟ್ ಕಾಫಿ’ ಎನ್ನುತ್ತಿದ್ದರು. ಪೂರ್ಣ ಬೆಲೆ ಕೊಡುತ್ತಿದ್ದ ಅಮೆರಿಕನ್ನರಿಗೆ, ಶತ್ರು ಪಾಳಯದ ದೇಶಗಳು ಅದೇ ಕಾಫಿಯನ್ನು ಅರ್ಧ ಬೆಲೆಗೆ ಕುಡಿಯುತ್ತಿವೆ ಎಂಬುದು ನುಂಗಲಾರದ ತುತ್ತಾಯಿತು.

ಬೆಳೆಗಾರ: ಆ ಒಪ್ಪಂದ ಇದ್ದಾಗಲೂ ಅಮೆರಿಕ ಒಬ್ಬನೇ ಕೋಲು ಎತ್ತಿದ್ದಿಲ್ಲವೇ? ಈಗಿನದನ್ನು ಹೊಸ ಪಾಪ ಎನ್ನುವುದು ಹೇಗೆ?

ಅಧ್ಯಾಪಕಿ: ಎತ್ತಿದೆ. 1978ರಲ್ಲಿ ಇದಿ ಅಮೀನನ ಕೊಲೆಗಡುಕ ಆಡಳಿತದ ವಿರುದ್ಧ ಅಮೆರಿಕದ ಕಾಂಗ್ರೆಸ್ ಉಗಾಂಡಾದ ಕಾಫಿಯನ್ನು ನಿಷೇಧಿಸಿತು. ಉಗಾಂಡಾದ ರಫ್ತು ಗಳಿಕೆ ಹೆಚ್ಚುಕಡಿಮೆ ಪೂರ್ತಿ ಕಾಫಿಯದೇ, ಮೂರನೇ ಒಂದರಷ್ಟನ್ನು ಕೊಳ್ಳುತ್ತಿದ್ದವರು ಅಮೆರಿಕನ್ನರು. ಮರುವರ್ಷ ಟಾಂಜಾನಿಯಾದ ಸೇನೆ ಅಮೀನನನ್ನು ಓಡಿಸಿತು. ಆ ನಿಷೇಧವನ್ನು ನಾನು ಸಮರ್ಥಿಸುತ್ತೇನೆ. 1985ರ ಮೇ ತಿಂಗಳಲ್ಲಿ ರೇಗನ್ ನಿಕರಾಗುವಾದ ಮೇಲೆ ಹೇರಿದ ವ್ಯಾಪಾರ ದಿಗ್ಬಂಧನವನ್ನು ಸಮರ್ಥಿಸಲಾರೆ. ಆಗ ಬಳಸಿದ್ದು 1977ರ ತುರ್ತು ಅಧಿಕಾರದ ಕಾಯ್ದೆ. 2025ರಲ್ಲಿ ಬ್ರೆಜಿಲ್‌ಗೂ ಭಾರತಕ್ಕೂ ಹೆಚ್ಚುವರಿ ಸುಂಕ ಹಾಕಲು ತೆಗೆದದ್ದೂ ಅದೇ ಕಾಯ್ದೆಯನ್ನು. ನಿಕರಾಗುವಾ ಅಂದಿನ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ಗೆ ದೂರು ಕೊಟ್ಟಿತು. ರಾಷ್ಟ್ರೀಯ ಭದ್ರತೆಯ ವಿಷಯ, ಅದನ್ನು ನೀವು ಪರಿಶೀಲಿಸುವಂತಿಲ್ಲ ಎಂದಿತು ಅಮೆರಿಕ. ಗ್ಯಾಟ್‌ನ ವಿಚಾರಣಾ ಸಮಿತಿಗೆ ಆ ಕಾರಣವನ್ನು ತೂಗಿ ನೋಡುವ ಅಧಿಕಾರವನ್ನೇ ಕೊಡಲಿಲ್ಲ.

ಬೆಳೆಗಾರ: ಹಾಗಾದರೆ ನನ್ನ ಮಾತೇ ಸರಿ. ಕೋಲು ಯಾವಾಗಲೂ ಇತ್ತು.

ಅಧ್ಯಾಪಕಿ: ಕೋಲು ಇತ್ತು, ಅದರ ಪಕ್ಕದಲ್ಲಿ ಮಾತುಕತೆಯ ಮೇಜೂ ಇತ್ತು. ನನ್ನ ದುಃಖ ಮೇಜು ಹೋದದ್ದಕ್ಕೆ. ವ್ಯಾಪಾರದಿಂದ ರಾಜಕೀಯವನ್ನು ಬೇರ್ಪಡಿಸಬೇಕು ಎಂದು ನಾನು ಕೇಳುತ್ತಿಲ್ಲ, ಅದು ಆಗುವ ಕೆಲಸವಲ್ಲ. ಆ ರಾಜಕೀಯದಲ್ಲಿ ಬೆಳೆಯುವ ದೇಶಕ್ಕೂ ಮತ ಇದೆಯೇ ಎಂದು ಕೇಳುತ್ತಿದ್ದೇನೆ.

ಬೆಳೆಗಾರ: ಮೇಜು ಯಾವಾಗ ಹೋಯಿತು? 1989ರಲ್ಲೇ?

ಅಧ್ಯಾಪಕಿ: ಜುಲೈಯಲ್ಲಿ. ಬರ್ಲಿನ್ ಗೋಡೆ ಬೀಳಲು ಇನ್ನೂ ನಾಲ್ಕು ತಿಂಗಳಿತ್ತು, ಆದರೆ ಮಾಸ್ಕೊದ ಭಯ ಆಗಲೇ ಕರಗಿತ್ತು. ಬ್ರೆಜಿಲ್ ತನ್ನ ಸುಮಾರು ಶೇ. 30ರ ಪಾಲನ್ನು ಬಿಡಲೊಲ್ಲದು; ಮಧ್ಯ ಅಮೆರಿಕದ ದೇಶಗಳಿಗೆ ಹೆಚ್ಚು ಪಾಲು ಬೇಕು; ವಾಷಿಂಗ್ಟನ್‌ಗೆ ಮುಕ್ತ ಮಾರುಕಟ್ಟೆ ಬೇಕು. ಕೋಟಾ ರದ್ದಾಯಿತು. ಪೌಂಡಿಗೆ 1.20ರಿಂದ 1.40 ಡಾಲರಿನ ನಡುವೆ ಹಿಡಿದಿಡಬೇಕೆಂದಿದ್ದ ಬೆಲೆ ಕೆಲವೇ ತಿಂಗಳಲ್ಲಿ ಜಾರಿ, ಮುಂದಿನ ಮೂರು ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಕೊಲಂಬಿಯಾದ ಅಧ್ಯಕ್ಷ ಬಾರ್ಕೊ ಅಮೆರಿಕಕ್ಕೆ ಹೇಳಿದ್ದನ್ನು ಮರೆಯಬಾರದು: ಕೊಕೇನ್ ವಿರುದ್ಧ ಹೋರಾಡು ಎನ್ನುತ್ತೀರಿ, ಅದೇ ಹೊತ್ತಿಗೆ ಕೋಕಾ ಬೆಳೆಯದೆ ಕಾಫಿ ಬೆಳೆಯುತ್ತಿರುವ ರೈತನ ಬೆಲೆ ಕಿತ್ತುಕೊಳ್ಳುತ್ತೀರಿ ಎಂಬುದು ಅವರ ವಾದದ ತಿರುಳು. ಅಧ್ಯಕ್ಷ ಬುಷ್ ಸಹಾನುಭೂತಿ ತೋರಿದರು. ಹೊಸ ಒಪ್ಪಂದ ಆಗಲಿಲ್ಲ. 1993ರಲ್ಲಿ ಅಮೆರಿಕ ಸಂಸ್ಥೆಯಿಂದಲೇ ಹೊರನಡೆಯಿತು. 2005ರಲ್ಲಿ ಬಂತು, 2018ರಲ್ಲಿ ಮತ್ತೆ ಹೋಯಿತು.

ಬೆಳೆಗಾರ: ನಮಗೆ ಎರಡು ಪೆಟ್ಟು ಒಟ್ಟಿಗೆ. ಕೋಟಾ ಹೋದ ಎರಡು ವರ್ಷಕ್ಕೆ ರಷ್ಯಾದ ಗಿರಾಕಿಯೂ ಚೂರಾದ. ಆದರೆ ಅದರ ನಂತರವೇ ನಾವು ಬದುಕಿದ್ದು! ಪೂಲ್ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಿತ್ತು. ಆಗ ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಬಂದ ದುಡ್ಡು ನಮ್ಮ ಹಿಂದಿನವರು ಕಂಡಿರಲಿಲ್ಲ. ಹೊಸ ಮನೆಗಳು, ಮಕ್ಕಳ ಓದು, ಹಳೆಯ ಸಾಲಕ್ಕೆ ಮುಕ್ತಿ. ನೀವು ಮೇಜು ಎನ್ನುತ್ತೀರಿ, ನನಗೆ ಮಾರುಕಟ್ಟೆ ಮರ್ಯಾದೆ ಕೊಟ್ಟಿತು.

ಅಧ್ಯಾಪಕಿ: ಮತ್ತೆ 2001?

ಬೆಳೆಗಾರ: ಆ ವರ್ಷದ ಮಾತು ಬೇಡ. ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ಎಷ್ಟೋ ಕಡೆ ಹಣ್ಣು ಗಿಡದಲ್ಲೇ ಒಣಗಿತು. ವಿಯೆಟ್ನಾಂ ನಮ್ಮ ಕುತ್ತಿಗೆ ಹಿಸುಕಿತು.

ಅಧ್ಯಾಪಕಿ: ವಿಯೆಟ್ನಾಂನ ಆ ರೊಬಸ್ಟಾ ಎಲ್ಲಿಂದ ಬಂತೆಂದರೆ, ಅದರ ಹಿಂದೆಯೂ ಒಂದು ರಾಜಕೀಯ ಒಪ್ಪಂದ ಇದೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಜಗತ್ತಿನ ಬೆಲೆ ಹಲವು ಪಟ್ಟು ಏರಿತು. ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಕಾಫಿ ಕೊಳ್ಳಲು ಡಾಲರ್ ಇಲ್ಲ. 1977ರಲ್ಲಿ ಅದು ಅರ್ಧ ಕಾಫಿ, ಅರ್ಧ ಬೇರೆ ಧಾನ್ಯದ ಮಿಶ್ರಣವನ್ನು ಅಂಗಡಿಗೆ ಬಿಟ್ಟಿತು. ಬೇರೆ ಏನನ್ನಾದರೂ ಸಹಿಸುತ್ತಿದ್ದ ಜನ ಅದನ್ನು ಸಹಿಸಲಿಲ್ಲ, ಸರ್ಕಾರಕ್ಕೆ ದೂರುಗಳ ಸುರಿಮಳೆ. ಆಗ ಬರ್ಲಿನ್ ಇಥಿಯೋಪಿಯಾಕ್ಕೆ ಆಯುಧ ಕೊಟ್ಟು ಕಾಫಿ ತರಿಸಿತು. ಆಮೇಲೆ 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು, ಡಾಕ್ ಲಾಕ್ ಬೆಟ್ಟಸೀಮೆಯಲ್ಲಿ ತೋಟ ಎಬ್ಬಿಸಲು ಯಂತ್ರ, ಹಣ, ತಜ್ಞರನ್ನು ಕಳಿಸಿತು. ಬೆಳೆದ ಕಾಫಿಯ ಒಂದು ಭಾಗ ಜರ್ಮನ್ನರಿಗೆ ಬರಬೇಕು ಎಂಬ ಕರಾರು. ಗಿಡ ಫಲ ಕೊಡುವ ಹೊತ್ತಿಗೆ ಕರಾರು ಮಾಡಿದ ದೇಶವೇ ಇರಲಿಲ್ಲ. 1990ರಲ್ಲಿ ಎರಡು ಜರ್ಮನಿ ಒಂದಾದವು. ವಿಯೆಟ್ನಾಂ ತನ್ನ ರೈತರಿಗೆ ಭೂಮಿಯ ಹಕ್ಕು ಬಿಟ್ಟುಕೊಟ್ಟು ಬೆಳೆಯನ್ನು ಇನ್ನೂ ಹಬ್ಬಿಸಿತು. 1994ರಲ್ಲಿ ಅಮೆರಿಕ ಅದರ ಮೇಲಿನ ವ್ಯಾಪಾರ ನಿಷೇಧ ತೆಗೆಯಿತು. ನಿಮಗೆ ದುಡ್ಡು ತಂದ ಅದೇ 1994ರ ಬೆಲೆ ಅವರಿಗೂ ಹೊಸ ಗಿಡ ನೆಡಲು ಧೈರ್ಯ ಕೊಟ್ಟಿತು. ಶತಮಾನ ಮುಗಿಯುವಾಗ ವಿಯೆಟ್ನಾಂ ಜಗತ್ತಿನ ಎರಡನೇ ದೊಡ್ಡ ಬೆಳೆಗಾರ. ಅದನ್ನು ತಡೆಯುವ, ಅಥವಾ ನಿಧಾನಿಸುವ ಕೋಟಾ ಎಲ್ಲೂ ಉಳಿದಿರಲಿಲ್ಲ.

ಬೆಳೆಗಾರ: ತಡೆಯಬೇಕಿತ್ತು ಅನ್ನುತ್ತೀರಾ? ಯುದ್ಧದಲ್ಲಿ ಸುಟ್ಟುಹೋದ ದೇಶದ ರೈತ ಕಾಫಿ ನೆಟ್ಟು ತಲೆಯೆತ್ತಿದ. ನನಗೆ ನಷ್ಟವಾಯಿತು ಎಂದು ಅವನು ನೆಡಬಾರದಿತ್ತು ಎನ್ನಲು ನನ್ನ ಬಾಯಿ ಬರುವುದಿಲ್ಲ.

ಅಧ್ಯಾಪಕಿ: ಇಲ್ಲಿ ನೀವು ನನಗಿಂತ ಮುಂದಿದ್ದೀರಿ. ಹಳೆಯ ಕೋಟಾ ಹಾಗೆಯೇ ಉಳಿದಿದ್ದರೆ ಆ ರೈತ ಹೊರಗೇ ಇರುತ್ತಿದ್ದ, ಅದು ಅನ್ಯಾಯ. ಹಾಗಾಗಿ ಕೋಟಾ ಮರಳಲಿ ಎಂದು ನಾನು ಹೇಳಲಾರೆ. ಆದರೆ ಮೇಜು ತೆಗೆದ ಮೇಲೆ ಜಾಗ ಖಾಲಿ ಉಳಿಯಲಿಲ್ಲ, ಅದನ್ನೂ ನೋಡಿ. ಅಲ್ಲಿಗೆ ಕೊಳ್ಳುವವರು ಒಬ್ಬರೇ ಬರೆದ ನಿಯಮಗಳು ಬಂದವು. ಒಂದು, ವಾಷಿಂಗ್ಟನ್‌ನ ಸುಂಕದ ಪತ್ರ. ರಷ್ಯಾದ ತೈಲ ಕೊಂಡದ್ದಕ್ಕೆ 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೂ ಸುಂಕ ಶೇ. 50 ಆಯಿತು. ತಿರುಪ್ಪೂರಿನ ಬಟ್ಟೆ, ಆಂಧ್ರದ ಸೀಗಡಿ ನರಳಿದ ಹಾಗೆ ಕಾಫಿ ನರಳಲಿಲ್ಲ, ಏಕೆಂದರೆ ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಇನ್ನೊಂದು ನಿಯಮ ಅಲ್ಲಿಂದಲೇ ಬಂದಿದೆ.

ಬೆಳೆಗಾರ: ಯುರೋಪಿಯನ್ ಒಕ್ಕೂಟದ ಕಾಡಿನ ಕಾನೂನು. ನನಗೆ ಸುಂಕಕ್ಕಿಂತ ಅದೇ ಚಿಂತೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಯುರೋಪಿಗೆ ಹೋಗುವಂತಿಲ್ಲ. ನಮ್ಮ ತೋಟಗಳಲ್ಲಿ ಬೀಟೆ, ಹೊನ್ನೆ, ಅತ್ತಿ, ಹಲಸು ಕಾಫಿಗಿಂತ ಹಳೆಯವು. ಅದರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಸಾಬೀತಿನ ಹೊರೆಯ ಬಗ್ಗೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿಯುದ್ದಕ್ಕೂ ನಕ್ಷೆ, ಸಣ್ಣದಾದರೆ ಒಂದು ಬಿಂದುವಿನ ಅಕ್ಷಾಂಶ ರೇಖಾಂಶ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇರುವ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತೋಟಗಳಿಗೆ ಈ ಕಾಗದ ಮಾಡಿಸುವವರು ಯಾರು, ಖರ್ಚು ಯಾರದು? ಕಾಗದ ಇದ್ದವನ ಮೂಟೆಗೆ ಒಂದು ಬೆಲೆ, ಇಲ್ಲದವನದಕ್ಕೆ ಇನ್ನೊಂದು ಬೆಲೆ ಆಗುತ್ತದೆ. ಕಾಡು ಕಡಿಯದ ಸಣ್ಣ ಬೆಳೆಗಾರ ಕಾಗದ ಇಲ್ಲದ್ದಕ್ಕೆ ಸೋಲುತ್ತಾನೆ.

ಅಧ್ಯಾಪಕಿ: ಆ ಕಾನೂನು ಎರಡು ಸಲ ಮುಂದೂಡಿಕೆಯಾಗಿದೆ, ಮೊದಲು 2025ರ ಕೊನೆಗೆ, ಆಮೇಲೆ 2026ರ ಕೊನೆಗೆ. ಒತ್ತಡ ಹೊರಗಿನಿಂದಲೂ ಬಂತು, ಯುರೋಪಿನ ಒಳಗಿನ ಕಂಪನಿ, ಸರ್ಕಾರಗಳಿಂದಲೂ ಬಂತು. ಅಂದರೆ ಅದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆದರೆ ಮುಂದೂಡುವುದನ್ನೂ ಅವರೇ ತಮ್ಮ ಸಂಸತ್ತಿನಲ್ಲಿ ನಿರ್ಧರಿಸಿದರು. 1962ರ ಲೆಕ್ಕದಲ್ಲಿ ಬೆಳೆಯುವವರಿಗೆ 1,000 ಮತ ಇತ್ತು. ಈ ಕಾನೂನಿನಲ್ಲಿ ಒಂದೂ ಇಲ್ಲ.

ಬೆಳೆಗಾರ: 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಅರಮನೆಯಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತು. ಅದೇ ಲಂಡನ್ ಸಂಸ್ಥೆಯದು. ಆ ವೇದಿಕೆಯಲ್ಲಿ ಇದನ್ನು ಎತ್ತಬಹುದಿತ್ತು.

ಅಧ್ಯಾಪಕಿ: ಸಂಸ್ಥೆಗೆ ಈಗ ಕೋಟಾ ಹಾಕುವ ಅಧಿಕಾರ ಇಲ್ಲ, ಅಂಕಿಅಂಶ ಕೂಡಿಸಿ ಮಾತುಕತೆಗೆ ಕರೆಯುವ ಅಧಿಕಾರ ಇದೆ. ಯುರೋಪಿಯನ್ ಒಕ್ಕೂಟ ಅದರ ಸದಸ್ಯ. ಬ್ರೆಜಿಲ್, ವಿಯೆಟ್ನಾಂ, ಇಥಿಯೋಪಿಯಾ, ಭಾರತ ಸದಸ್ಯರು. ಸಾಬೀತಿನ ಖರ್ಚನ್ನು ಕೊಳ್ಳುವವರು ಹಂಚಿಕೊಳ್ಳಬೇಕು, ಗಡುವು ಬದಲಿಸುವ ಮೊದಲು ಬೆಳೆಯುವ ದೇಶಗಳನ್ನು ಕೇಳಬೇಕು ಎಂಬ ಎರಡು ಮಾತನ್ನು ಅಲ್ಲಿ ಬರೆಸಿಕೊಳ್ಳಲು ಸಾಧ್ಯವಿದೆ. ಭಾರತ ಒಂದೇ ಕೇಳಿದರೆ ಆಗದು. ಬ್ರೆಜಿಲ್ ಮತ್ತು ವಿಯೆಟ್ನಾಂ ಸೇರಿದರೆ ಜಗತ್ತಿನ ಅರ್ಧಕ್ಕೂ ಹೆಚ್ಚು ಕಾಫಿ. ಅವರ ಜೊತೆ ನಿಂತು ಕೇಳಬೇಕು.

ಬೆಳೆಗಾರ: ವಿಯೆಟ್ನಾಂ ಜೊತೆ! ನಮ್ಮ ರಫ್ತುದಾರರು ದಿನಾ ಬೆಲೆ ಕಟ್ಟುವುದೇ ಅವರ ವಿರುದ್ಧ.

ಅಧ್ಯಾಪಕಿ: ಡಾಕ್ ಲಾಕ್‌ನ ಹೆಚ್ಚಿನ ತೋಟಗಳು ಒಂದೆರಡು ಹೆಕ್ಟೇರಿನವು. ಅವರಿಗೂ ಅದೇ ಕಾನೂನು, ಅದೇ ಬಿಂದು, ಅದೇ ಗಡುವು.

ಬೆಳೆಗಾರ: ನಮ್ಮ ಸಂಘದಲ್ಲಿ ಇದನ್ನು ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ.

ಅಧ್ಯಾಪಕಿ: ಉಳಿದ ಅರ್ಧ ಜನ ಕೂತರೆ ಸಾಕು, ಕಾಫಿ ಬೋರ್ಡಿಗೂ ವಾಣಿಜ್ಯ ಸಚಿವಾಲಯಕ್ಕೂ ಪತ್ರ ಬರೆಯಬಹುದು. ಪಹಣಿಯ ತೊಡಕನ್ನು ಮೊದಲು ಬರೆಯಿರಿ. ದೆಹಲಿಯಲ್ಲಿ ಕೂತವರಿಗೆ ಗೊತ್ತಿಲ್ಲದ್ದು ಅದೇ.